ಮರಳಿ ದಡ ಸೇರಿಸುವ ನಾವೆಗಳ ಶಿಲ್ಪಿ ಕೊಲಿನ್ ಆರ್ಚರ್

ಯುರೋಪಿನ ಬಂದರುಗಳಲ್ಲಿ ನಾರ್ವೆ ದೇಶದ ಹಳೆಯ ಮರದ ನಾವೆಯೊಂದು ಮಾರಾಟಕ್ಕೆ ಬಂದಾಗ ಅದರ ಉದ್ದಗಲ, ಎಂಜಿನ್ನಿನ ಶಕ್ತಿ, ಹಾಯಿಗಳ ವಿವರಗಳೊಡನೆ ಒಬ್ಬ ವ್ಯಕ್ತಿಯ ಹೆಸರೂ ಆಗಾಗ ಕಾಣಿಸಿಕೊಳ್ಳುತ್ತದೆ. ಆ ಹೆಸರು ಕೊಲಿನ್ ಆರ್ಚರ್. ಅವರು ನಿಧನರಾಗಿ ನೂರು ವರ್ಷಗಳು ಕಳೆದಿವೆ. ಮಾರಾಟಕ್ಕಿರುವ ನಾವೆಯನ್ನು ಬಹಳಷ್ಟು ಸಲ ಅವರು ಕಟ್ಟಿರುವುದಿಲ್ಲ, ಕಣ್ಣಿನಿಂದ ಕಂಡಿರುವುದೂ ಇಲ್ಲ. ಆದರೂ ಅದು ಆರ್ಚರ್ ಮಾದರಿಯದು ಎಂಬ ಒಂದೇ ಮಾತಿಗೆ ಕೊಳ್ಳುವವರು ನಿಂತು ಮತ್ತೊಮ್ಮೆ ನೋಡುತ್ತಾರೆ. ಹಾಯಿ ಮತ್ತು ಎಂಜಿನ್ ಎರಡನ್ನೂ ನೆಚ್ಚಿ ಸಾಗುವ, ಮೋಟಾರ್ ಸೇಲರ್ ಎಂದು ಕರೆಯಲಾಗುವ ಈ ಬಗೆಯ ನಾವೆಗಳ ಹಿಂದೆ ಅವರ ಬದುಕಿನ ಅರ್ಧ ಶತಮಾನದ ದುಡಿಮೆಯಿದೆ.

ಕೊಡಗಿನ ಗಡಿ ಕಡಲನ್ನು ಮುಟ್ಟುವುದಿಲ್ಲ. ಆದರೂ ಹಾಯಿಹಡಗುಗಳ ಕಾಲದಲ್ಲಿ ಇಲ್ಲಿನ ಘಟ್ಟದ ಕಾಡಿಗೂ ಕಡಲಿಗೂ ನಂಟಿತ್ತು. ಸುರಹೊನ್ನೆಯ ಜಾತಿಗೆ ಸೇರಿದ, ಇಂಗ್ಲಿಷರು ಪೂನ್ ಎಂದು ಕರೆದ ನೀಳವಾದ ಮರಗಳನ್ನು ಕೂವೆಮರಗಳಿಗಾಗಿ, ಅಂದರೆ ಹಡಗಿನ ಹಾಯಿಗಂಬಗಳಿಗಾಗಿ, ಕಡಿದು ಕರಾವಳಿಗೆ ಸಾಗಿಸಲಾಗುತ್ತಿತ್ತು. 19ನೇ ಶತಮಾನದ ನಡುವಿನ ವೇಳೆಗೆ ಅವು ವಿರಳವಾಗತೊಡಗಿ ಅರಣ್ಯಾಧಿಕಾರಿಗಳು ರಕ್ಷಣೆಯ ಮಾತೆತ್ತಬೇಕಾಯಿತು. ಮರದ ಬೆಲೆಯನ್ನು ಬಲ್ಲ, ಐನ್‌ಮನೆಯ ಕಂಬ ತೊಲೆಗಳನ್ನು ಮಳೆಗಾಲದಿಂದ ಮಳೆಗಾಲಕ್ಕೆ ಕಾಪಾಡಿಕೊಂಡು ಬಂದ ನಾಡಿನವರಿಗೆ ಆರ್ಚರ್ ಅವರ ಕಥೆ ತೀರ ದೂರದ್ದೆನಿಸದು.

ಸಾಗರ ದಾಟಿದ ಕುಟುಂಬ

ಕೊಲಿನ್ ಆರ್ಚರ್ ಅವರು ಜನಿಸಿದ್ದು 1832ರ ಜುಲೈ 22ರಂದು, ನಾರ್ವೆಯ ದಕ್ಷಿಣ ತೀರದ ಲಾರ್ವಿಕ್ ಪಟ್ಟಣದಲ್ಲಿ. ತಂದೆ ವಿಲಿಯಂ ಆರ್ಚರ್ ಹಾಗೂ ತಾಯಿ ಜೂಲಿಯಾ ಸ್ಕಾಟ್ಲೆಂಡಿನವರು. ಮರದ ವ್ಯಾಪಾರ ಅವರನ್ನು 1825ರಲ್ಲಿ ನಾರ್ವೆಗೆ ಕರೆತಂದಿತ್ತು. ಕಡಲ ಅಂಚಿನಲ್ಲೇ ಇದ್ದ ಟೋಲೆರೋಡನ್ ಎಂಬ ಮನೆಯಲ್ಲಿ 13 ಮಕ್ಕಳ ಆ ದೊಡ್ಡ ಕುಟುಂಬ ಬೆಳೆಯಿತು. ಮನೆಯೊಳಗೆ ಇಂಗ್ಲಿಷ್, ಹೊರಗೆ ನಾರ್ವೆಯ ಭಾಷೆ. ಕಿಟಕಿ ತೆರೆದರೆ ದೋಣಿಗಳು. ಕಿರಿಯರಲ್ಲಿ ಒಬ್ಬರಾದ ಕೊಲಿನ್ ಹದಿಹರೆಯದಲ್ಲೇ ಹಡಗುಕಟ್ಟೆಯಲ್ಲಿ ಮರಗೆಲಸದ ಪಾಠ ಕಲಿತರು.

ಆದರೆ ಆ ಮನೆಯ ಗಂಡುಮಕ್ಕಳನ್ನು ಆಸ್ಟ್ರೇಲಿಯಾ ಒಬ್ಬೊಬ್ಬರನ್ನಾಗಿ ಕರೆದುಕೊಂಡಿತ್ತು. ಕುರಿ ಸಾಕಣೆಗೆ ಹೊಸ ನೆಲವನ್ನರಸುತ್ತ ಹೋದ ಅಣ್ಣಂದಿರು ಇಂದಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಫಿಟ್ಜ್‌ರಾಯ್ ನದಿಯ ಬಳಿ ನೆಲೆ ನಿಂತರು. ಅವರು ನೆಲೆಯೂರಿದ ಗ್ರೇಸ್ಮೀರ್‌ನ ಹತ್ತಿರದಲ್ಲೇ ರಾಕ್‌ಹ್ಯಾಂಪ್ಟನ್ ಪಟ್ಟಣ ಬೆಳೆಯಿತು. ಅಲ್ಲಿನ ಮೂಲನಿವಾಸಿಗಳ ಪಾಲಿಗೆ ಅದು ತಮ್ಮ ನೆಲ ಕೈಬಿಟ್ಟುಹೋದ ಕಾಲವೂ ಹೌದು. ಐರೋಪ್ಯರು ಹೊಸ ನೆಲವನ್ನರಸಿ ಹೊರಟ ಅದೇ ದಶಕದಲ್ಲಿ, 1854ರಲ್ಲಿ, ಜಾನ್ ಫೌಲರ್ ಮಡಿಕೇರಿಯಲ್ಲಿ ಕೊಡಗಿನ ಮೊದಲ ಐರೋಪ್ಯ ಕಾಫಿ ತೋಟವನ್ನು ತೆರೆದದ್ದನ್ನು ಇಲ್ಲಿ ನೆನೆಯಬಹುದು.

ಕೊಲಿನ್ ಅವರೂ 1850ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ, ಹವಾಯಿ ಮಾರ್ಗವಾಗಿ ಆಸ್ಟ್ರೇಲಿಯಾಕ್ಕೆ ತೆರಳಿದರು. 1855ರಲ್ಲಿ 'ಎಲಿಡಾ' ಎಂಬ ಚಿಕ್ಕ ಹಾಯಿನಾವೆಯಲ್ಲಿ ಸಾಮಾನು ಸರಂಜಾಮು ಹೇರಿಕೊಂಡು ಫಿಟ್ಜ್‌ರಾಯ್ ನದಿಯಲ್ಲಿ ಮೇಲಕ್ಕೆ ಸಾಗಿ ಅಣ್ಣಂದಿರ ನೆಲೆಯನ್ನು ತಲುಪಿದರು. ನೀರಿನ ಆಳ ತಿಳಿಯದ ಹೊಸ ನದಿಯಲ್ಲಿ ಭಾರ ಹೊತ್ತ ನಾವೆಯನ್ನು ನಡೆಸುವಾಗ ಪುಸ್ತಕ ಕಲಿಸದ ಪಾಠಗಳು ಒದಗುತ್ತವೆ. 1861ರಲ್ಲಿ ಅವರು ಲಾರ್ವಿಕ್‌ಗೆ ಮರಳಿದರು. ಆಗ ಅವರ ವಯಸ್ಸು 29. ಉಳಿದ ಆಯುಷ್ಯವನ್ನೆಲ್ಲ ಅವರು ಅಲ್ಲೇ ಕಳೆದರು.

ದೋಣಿಕಾರರ ಸಾವು ಕಲಿಸಿದ ಪಾಠ

ಆ ಕಾಲದ ನಾರ್ವೆ ತೀರದಲ್ಲಿ ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ಗಳು ಚಿಕ್ಕ ದೋಣಿಗಳಲ್ಲಿ ದೂರದ ಕಡಲಿಗೆ ಹೋಗಿ ಹಡಗಿಗಾಗಿ ಕಾಯಬೇಕಿತ್ತು. ಮೊದಲು ಹಡಗನ್ನು ಸೇರಿದವನಿಗೆ ಕೂಲಿ. ಹೀಗಾಗಿ ಹವಾಮಾನ ಕೆಟ್ಟಷ್ಟೂ ಅವರು ಇನ್ನೂ ದೂರ ಹೋಗುತ್ತಿದ್ದರು. ದೋಣಿಗಳೋ ಹಗುರ, ಆಳ ಕಡಿಮೆ. ಸಮತೋಲಕ್ಕೆಂದು ಒಳಗೆ ತುಂಬಿದ ಕಲ್ಲುಗಳು ದೋಣಿ ವಾಲಿದಾಗ ಜಾರಿ ಅದನ್ನು ಇನ್ನಷ್ಟು ವಾಲಿಸುತ್ತಿದ್ದವು. ಮೀನುಗಾರರ ಸ್ಥಿತಿಯೂ ಭಿನ್ನವಾಗಿರಲಿಲ್ಲ. ವರ್ಷ ವರ್ಷವೂ ನೂರಾರು ಮಂದಿ ನಾರ್ವೆಯ ಕಡಲಿನಲ್ಲಿ ಜಲಸಮಾಧಿಯಾಗುತ್ತಿದ್ದರು. ಕಡಲ ತೀರದಲ್ಲಿ ಬದುಕುವವರಿಗೆ ಇದು ವಿಧಿ ಎಂದು ಸಮಾಜ ಒಪ್ಪಿಕೊಂಡಿತ್ತು.

ಆರ್ಚರ್ ಅವರು ಒಪ್ಪಿಕೊಳ್ಳಲಿಲ್ಲ. ಅವರು ಹಡಗು ನಿರ್ಮಾಣದ ಗಣಿತವನ್ನು ಸ್ವತಃ ಅಭ್ಯಾಸ ಮಾಡಿದರು. ಸ್ವೀಡನ್ನಿನ ಚಾಪ್‌ಮನ್, ಬ್ರಿಟನ್ನಿನ ಜಾನ್ ಸ್ಕಾಟ್ ರಸೆಲ್ ಮುಂತಾದವರ ಬರಹಗಳನ್ನು ಪರಿಶೀಲಿಸಿ, ನಾವೆಯ ಒಡಲಿನ ಗಾತ್ರವು ಮುಂತುದಿಯಿಂದ ಹಿಂತುದಿಯವರೆಗೆ ನೀರಿನ ಅಲೆಯ ಏರಿಳಿತದ ಕ್ರಮದಲ್ಲೇ ಹಿಗ್ಗಿ ಕುಗ್ಗಬೇಕೆಂಬ ತಮ್ಮದೇ ಸಿದ್ಧಾಂತವನ್ನು ರೂಪಿಸಿ 1870ರ ದಶಕದಲ್ಲಿ ಪ್ರಕಟಿಸಿದರು. ಮುಂದಿನ ತಲೆಮಾರಿನ ವಿಜ್ಞಾನ ಅದನ್ನು ದಾಟಿ ಹೋಗಿದೆ. ಆದರೆ ಕಣ್ಣಳತೆಯ ಪರಂಪರೆಯೇ ನಡೆದುಬಂದಿದ್ದ ದೋಣಿ ಕಟ್ಟುವ ಕೆಲಸಕ್ಕೆ ಲೆಕ್ಕದ ಶಿಸ್ತನ್ನು ತಂದ ಕೀರ್ತಿ ಅವರಿಗೆ ಸಲ್ಲುತ್ತದೆ.

ಹಿಂದೆ ಮುಂದೆ ಎರಡೂ ತುದಿ ಚೂಪಾಗಿರುವ ದೋಣಿಯನ್ನು ಆರ್ಚರ್ ಅವರು ಕಂಡುಹಿಡಿದರೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಆ ರೂಪ ವೈಕಿಂಗರ ಕಾಲದಿಂದಲೂ ಅಲ್ಲಿನದೇ. ಬೆನ್ನ ಹಿಂದಿನಿಂದ ಎದ್ದು ಬರುವ ಅಲೆಯನ್ನು ಚೂಪು ಹಿಂತುದಿ ಎರಡಾಗಿ ಸೀಳಿ ಬಿಡುತ್ತದೆ ಎಂಬುದನ್ನು ನಾರ್ವೆಯ ಅಜ್ಞಾತ ಬಡಗಿಗಳು ಎಂದೋ ಅರಿತಿದ್ದರು. ಆರ್ಚರ್ ಅವರು ಮಾಡಿದ್ದು ಆ ರೂಪವನ್ನು ಉಳಿಸಿಕೊಂಡು ಅದರ ದೋಷಗಳನ್ನು ತಿದ್ದಿದ್ದು. ಒಂದರ ಮೇಲೊಂದು ಹೊದಿಸಿ ಜಡಿಯುತ್ತಿದ್ದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ನಯವಾಗಿ ಕೂರಿಸಿದರು. ಒಡಲನ್ನು ಆಳವಾಗಿಸಿದರು. ಒಳಗೆ ಜಾರಾಡುತ್ತಿದ್ದ ಕಲ್ಲಿನ ಭಾರವನ್ನು ತಗ್ಗಿಸಿ, ದೋಣಿಯ ತಳದ ತೊಲೆಗೆ ಹೊರಗಿನಿಂದ ಕಬ್ಬಿಣದ ಭಾರವನ್ನು ಬಿಗಿದರು. ನೀರು ಒಳನುಗ್ಗದಂತೆ ಮೇಲೆ ಹಲಗೆಯ ಮುಚ್ಚಿಗೆ ಹಾಕಿದರು. ಅಲೆಯ ಹೊಡೆತಕ್ಕೆ ವಾಲಿದರೂ ತಾನಾಗಿ ನೆಟ್ಟಗಾಗುವ ದೋಣಿ ಸಿದ್ಧವಾಯಿತು.

ಹೊಸದನ್ನು ಸುಲಭವಾಗಿ ನಂಬದ ಪೈಲಟ್‌ಗಳು ಮೊದಲು ಅನುಮಾನಿಸಿದರು. ಆದರೆ ಬಿರುಗಾಳಿಯ ದಿನ ಆರ್ಚರ್ ಅವರ ದೋಣಿಯಲ್ಲಿ ಹೋದವರು ಸಂಜೆಗೆ ಮನೆಗೆ ಮರಳುತ್ತಿದ್ದರು. ಅದಕ್ಕಿಂತ ದೊಡ್ಡ ಪ್ರಚಾರ ಬೇಕಿರಲಿಲ್ಲ. ತಮ್ಮ ವೃತ್ತಿಜೀವನದಲ್ಲಿ ಅವರು 200ಕ್ಕೂ ಹೆಚ್ಚು ನಾವೆಗಳನ್ನು ಕಟ್ಟಿದರು. ಅವುಗಳಲ್ಲಿ 60ರಷ್ಟು ಪೈಲಟ್ ದೋಣಿಗಳು.

ಮಂಜುಗಡ್ಡೆಗೆ ಮಣಿಯದ 'ಫ್ರಾಮ್'

ಆರ್ಚರ್ ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿದ್ದು 'ಫ್ರಾಮ್' ಹಡಗು. 1881ರಲ್ಲಿ ಸೈಬೀರಿಯದ ಉತ್ತರಕ್ಕೆ ಮಂಜುಗಡ್ಡೆಗೆ ಸಿಲುಕಿ ನುಚ್ಚುನೂರಾದ ಅಮೆರಿಕದ 'ಜೆನೆಟ್' ಹಡಗಿನ ಅವಶೇಷಗಳು ಮೂರು ವರ್ಷಗಳ ಬಳಿಕ ಗ್ರೀನ್‌ಲ್ಯಾಂಡ್ ತೀರದಲ್ಲಿ ಸಿಕ್ಕವು. ಮಂಜುಗಡ್ಡೆಯೇ ಅವನ್ನು ಧ್ರುವ ಸಾಗರದ ಆಚೆಗೆ ಹೊತ್ತು ತಂದಿತ್ತು. ಹಾಗಿದ್ದರೆ ಒಡೆಯದ ಹಡಗೊಂದನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಲುಕಿಸಿ ಉತ್ತರ ಧ್ರುವದ ಕಡೆಗೆ ಸಾಗಬಹುದಲ್ಲ ಎಂದು ನಾರ್ವೆಯ ತರುಣ ವಿಜ್ಞಾನಿ ಫ್ರಿಟ್ಯೋಫ್ ನಾನ್ಸೆನ್ ಯೋಚಿಸಿದರು. ಅನುಭವಿಗಳಾದ ಅನೇಕ ಧ್ರುವ ಅನ್ವೇಷಕರು ಇದನ್ನು ಹುಚ್ಚು ಸಾಹಸವೆಂದು ಬಗೆದರು. ಒಡೆಯದ ಹಡಗನ್ನು ಕಟ್ಟುವವರು ಯಾರು ಎಂಬುದೇ ಪ್ರಶ್ನೆಯಾಗಿತ್ತು. ಆ ಹೊಣೆಯನ್ನು ಹೊತ್ತವರು 60ರ ಅಂಚಿನಲ್ಲಿದ್ದ ಆರ್ಚರ್.

ಅವರ ಉತ್ತರ ಬಲದಷ್ಟೇ ಆಕಾರವನ್ನೂ ನೆಚ್ಚಿತ್ತು. ಮಂಜುಗಡ್ಡೆಯ ಒತ್ತಡವನ್ನು ಎದುರಿಸಿ ನಿಲ್ಲುವ ಬದಲು ಅದರ ಹಿಡಿತದಿಂದ ಮೇಲಕ್ಕೆ ಜಾರಿಕೊಳ್ಳುವಂತೆ ಒಡಲನ್ನು ಬೋಗುಣಿಯ ಹಾಗೆ ದುಂಡಗೆ ರೂಪಿಸಿದರು. ಸುಮಾರು 39 ಮೀಟರ್ ಉದ್ದದ ಹಡಗಿಗೆ 11 ಮೀಟರ್ ಅಗಲ. ಪಕ್ಕೆಲುಬುಗಳಿಗೆ ನೌಕಾಪಡೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಒಣಗಿದ್ದ ಓಕ್ ಮರ. ಅದರ ಮೇಲೆ ಪದರ ಪದರವಾಗಿ ಹಲಗೆ. ಎಲ್ಲಕ್ಕೂ ಹೊರಗೆ ಮಂಜುಗಡ್ಡೆಯ ಉಜ್ಜಾಟವನ್ನು ತಾಳಿಕೊಳ್ಳಲು ಗ್ರೀನ್‌ಹಾರ್ಟ್ ಎಂಬ ಅತಿ ಗಟ್ಟಿ ಮರದ ಕವಚ. ಚುಕ್ಕಾಣಿಯನ್ನೂ ಪ್ರೊಪೆಲ್ಲರನ್ನೂ ಅಪಾಯದ ವೇಳೆ ಮೇಲಕ್ಕೆಳೆದುಕೊಳ್ಳಬಹುದಾಗಿತ್ತು. 1892ರ ಅಕ್ಟೋಬರ್ 26ರಂದು ಲಾರ್ವಿಕ್‌ನಲ್ಲಿ ಹಡಗು ನೀರಿಗಿಳಿಯಿತು. 'ಫ್ರಾಮ್' ಎಂದರೆ ಮುಂದಕ್ಕೆ ಎಂದರ್ಥ.

1893ರ ಜೂನ್‌ನಲ್ಲಿ ಹೊರಟ ಹಡಗು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಂಜುಗಡ್ಡೆಯಲ್ಲಿ ಹೂತುಕೊಂಡಿತು. ಸುಮಾರು ಮೂರು ವರ್ಷ ಅದು ಆ ಬಿಳಿ ಮರುಭೂಮಿಯೊಡನೆ ತೇಲಿತು. ಗಡ್ಡೆಗಳು ಗುಡುಗಿನಂತೆ ಸದ್ದು ಮಾಡುತ್ತ ಎರಡೂ ಬದಿಯಿಂದ ಒತ್ತಿದಾಗಲೆಲ್ಲ ಹಡಗು ಮೇಲಕ್ಕೆದ್ದು ಕುಳಿತಿತು. ನಾನ್ಸೆನ್ ಅವರು ಒಬ್ಬ ಸಂಗಾತಿಯೊಡನೆ ಹಡಗನ್ನು ಬಿಟ್ಟು ನಡೆದು 1895ರಲ್ಲಿ 86 ಡಿಗ್ರಿ 14 ಮಿನಿಟು ಉತ್ತರ ಅಕ್ಷಾಂಶವನ್ನು ತಲುಪಿದರು. ಅಲ್ಲಿಯವರೆಗೆ ಅಷ್ಟು ಉತ್ತರಕ್ಕೆ ಯಾರೂ ಹೋಗಿರಲಿಲ್ಲ. 1896ರ ಆಗಸ್ಟಿನಲ್ಲಿ ಅವರಿಬ್ಬರೂ, ಹಡಗಿನಲ್ಲಿ ಉಳಿದಿದ್ದ 11 ಮಂದಿಯೂ ಮರಳಿದರು. 13 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಅದೇ ಹಡಗು 1898ರಿಂದ 1902ರವರೆಗೆ ಸ್ವೆರ್ಡ್ರಪ್ ಅವರನ್ನೂ, 1910ರಲ್ಲಿ ಅಮುಂಡ್‌ಸನ್ ಅವರನ್ನೂ ಹೊತ್ತು ಸಾಗಿತು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವರು ಹೋದದ್ದು ಆರ್ಚರ್ ಅವರ ಹಡಗಿನಲ್ಲೇ. ಇಂದು ಅದು ಓಸ್ಲೋ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಮಂಜುಗಡ್ಡೆಯಲ್ಲಿ ಹಡಗನ್ನು ಉಳಿಸಿದ ದುಂಡು ತಳ ತೆರೆದ ಕಡಲಿನಲ್ಲಿ ಮಾತ್ರ ಅದನ್ನು ತೊಟ್ಟಿಲಿನಂತೆ ಹೊಯ್ದಾಡಿಸಿತು. ನಾವಿಕರು ಅದಕ್ಕಾಗಿ ಬಹಳ ಬವಣೆ ಪಟ್ಟರು. ಆದರೆ ಜೀವ ಮತ್ತು ಸೌಖ್ಯ ಇವೆರಡರ ನಡುವೆ ಆಯ್ಕೆ ಬಂದಾಗ ಆರ್ಚರ್ ಅವರು ಯಾವುದನ್ನು ಆರಿಸಿಕೊಳ್ಳುವರು ಎಂಬುದು ಇದರಿಂದ ತಿಳಿಯುತ್ತದೆ.

ಬಿರುಗಾಳಿಯಲ್ಲಿ ಪರೀಕ್ಷೆ

ಧ್ರುವ ಯಾತ್ರೆಯ ವೈಭವದ ಬದಿಯಲ್ಲೇ ಮತ್ತೊಂದು ಕೆಲಸ ನಡೆದಿತ್ತು. ಮೀನುಗಾರರ ಸಾವುಗಳನ್ನು ತಡೆಯಬೇಕೆಂದು ವೈದ್ಯ ಆಸ್ಕರ್ ಟ್ಯುಬ್ರಿಂಗ್ ಮುಂತಾದವರ ಪ್ರಯತ್ನದಿಂದ 1891ರಲ್ಲಿ ನಾರ್ವೆಯ ಜೀವರಕ್ಷಣಾ ಸಂಘ ಸ್ಥಾಪನೆಯಾಯಿತು. ಇತರ ದೇಶಗಳಲ್ಲಿ ರಕ್ಷಣಾ ದೋಣಿ ದಡದಲ್ಲಿ ಕಾಯುತ್ತಿರುತ್ತದೆ, ಅಪಾಯದ ಸುದ್ದಿ ಬಂದಾಗ ಹೊರಡುತ್ತದೆ. ಸಾವಿರಾರು ದ್ವೀಪಗಳು, ಉದ್ದನೆಯ ತೀರ ಇರುವ ನಾರ್ವೆಯಲ್ಲಿ ಅದು ಸಾಲದು. ಮೀನುಗಾರರ ಜೊತೆಯಲ್ಲೇ ಕಡಲಿನಲ್ಲಿರುವ, ಬಿರುಗಾಳಿ ಎದ್ದಾಗ ಉಳಿದವರು ದಡಕ್ಕೆ ಓಡುವಾಗ ತಾನು ಎದುರಾಗಿ ಸಾಗುವ ನಾವೆ ಬೇಕಿತ್ತು. ಹಾಯಿಯನ್ನು ಮಾತ್ರ ನಂಬಿದ ಚಿಕ್ಕ ನಾವೆಯೊಂದು ಇಷ್ಟನ್ನು ಮಾಡೀತೆ ಎಂಬ ಶಂಕೆ ಬಲವಾಗಿತ್ತು.

ಸುಮಾರು 14 ಮೀಟರ್ ಉದ್ದದ ಮೊದಲ ನಾವೆ 1893ರಲ್ಲಿ ಸಿದ್ಧವಾಯಿತು. ಅದಕ್ಕೆ ನಿರ್ಮಾತೃವಿನ ಹೆಸರನ್ನೇ ಇಟ್ಟು 'ಆರ್‌ಎಸ್ 1 ಕೊಲಿನ್ ಆರ್ಚರ್' ಎಂದು ಕರೆಯಲಾಯಿತು. 1894ರ ಮೇ 20ರಂದು ದೇಶದ ಉತ್ತರ ತುದಿಯ ಫಿನ್‌ಮಾರ್ಕ್ ಪ್ರಾಂತದ ಹಾಸ್ವಿಕ್ ಬಳಿ ಭೀಕರ ಬಿರುಗಾಳಿ ಎದ್ದಿತು. ಮೀನುಗಾರರ ದೋಣಿಗಳು ಅಲ್ಲಲ್ಲಿ ಸಿಲುಕಿಕೊಂಡವು. ಕಪ್ತಾನ ನಿಕೊಲಾಯ್ ಆಂಥೊನಿಸೆನ್ ಅವರು ಆ ಗಾಳಿಗೆ ನಾವೆಯನ್ನು ಒಡ್ಡಿದರು. ಸಂಕಟದಲ್ಲಿದ್ದವರನ್ನು ಎತ್ತಿಕೊಂಡು ಸುರಕ್ಷಿತ ಸ್ಥಳಕ್ಕೆ ಸೇರಿಸಿ, ಉಳಿದವರಿಗಾಗಿ ಮತ್ತೊಮ್ಮೆ ಹೊರಟರು. ಆ ದಿನ ಬದುಕಿ ದಡ ಸೇರಿದವರು ಮೂವತ್ತಕ್ಕೂ ಹೆಚ್ಚು ಮಂದಿ. ಶಂಕೆಯ ಮಾತುಗಳು ಅಲ್ಲಿಗೆ ನಿಂತವು. ಆರ್ಚರ್ ಅವರ ಕಟ್ಟೆಯಲ್ಲಿ ಇಂಥ 14 ರಕ್ಷಣಾ ನಾವೆಗಳು ಸಿದ್ಧವಾದವು. ಇತರ ಕಟ್ಟೆಗಳಲ್ಲೂ ಅದೇ ಪರಂಪರೆ ದಶಕಗಳ ಕಾಲ ಮುಂದುವರಿಯಿತು.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ, 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನುಗ್ಗಿದಾಗ, ನೆರವಿಗೆ ಬರುವವರ ದಾರಿ ಕಾಯುವುದೆಂದರೇನು ಎಂಬುದನ್ನು ಕೊಡಗು ಅನುಭವಿಸಿದೆ. ಹಾಸ್ವಿಕ್‌ನ ಮೀನುಗಾರರ ಮನೆಯವರು ಆ ದಿನ ಏನನ್ನು ಕಂಡರೆಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಯಿಗೆ ಜೊತೆಯಾದ ಎಂಜಿನ್

ಆರ್ಚರ್ ಅವರು 1909ರವರೆಗೂ ನಾವೆಗಳನ್ನು ಕಟ್ಟಿದರು. 1921ರ ಫೆಬ್ರುವರಿಯಲ್ಲಿ 88ರ ವಯಸ್ಸಿನಲ್ಲಿ ಲಾರ್ವಿಕ್‌ನಲ್ಲಿ ನಿಧನರಾದರು. ಆ ವೇಳೆಗಾಗಲೇ ನಾರ್ವೆಯ ಮೀನುಗಾರಿಕೆ ದೋಣಿಗಳಿಗೆ ಎಂಜಿನ್ ಬಂದಿತ್ತು. ಹಿಂದೆ ನಮ್ಮ ಅಕ್ಕಿ ಗಿರಣಿಗಳಲ್ಲಿ ಸದ್ದು ಮಾಡುತ್ತಿದ್ದ ಒಂಟಿ ಸಿಲಿಂಡರಿನ ಆಯಿಲ್ ಎಂಜಿನ್‌ಗಳ ಸೋದರ ಸಂಬಂಧಿಗಳೇ ಅವು. ಆರ್ಚರ್ ಮಾದರಿಯ ನಾವೆಗಳು ಭಾರವಾದವು. ಗಾಳಿ ಕಡಿಮೆಯಿದ್ದಾಗ ನಿಧಾನವಾಗುವುದು ಅವುಗಳ ದೌರ್ಬಲ್ಯ. ಎಂಜಿನ್ ಆ ಕೊರತೆಯನ್ನು ತುಂಬಿತು. ಆಳವಾದ, ಬಲವಾದ ಒಡಲು ಎಂಜಿನ್ನಿನ ಭಾರವನ್ನೂ ನಡುಕವನ್ನೂ ತಾಳಿಕೊಂಡಿತು. ಗಾಳಿಯಿದ್ದಾಗ ಹಾಯಿ, ಇಲ್ಲದಾಗ ಎಂಜಿನ್, ಬಂದರಿನೊಳಗೆ ತಿರುಗುವಾಗಲೂ ಎಂಜಿನ್. ಇಂದು ಮಾರಾಟಕ್ಕೆ ಬರುವ ನಾರ್ವೆಯ ಹಳೆಯ ಮೋಟಾರ್ ಸೇಲರ್‌ಗಳು ಈ ಮದುವೆಯ ಸಂತಾನ.

ಅಂಥ ನಾವೆಯನ್ನು ಕೊಳ್ಳುವವರು ಮೊದಲು ನೋಡುವುದು ಮೆರುಗನ್ನಲ್ಲ. ಉಪ್ಪುನೀರು ಮರವನ್ನು ಮಟ್ಟಿಗೆ ಕಾಪಾಡುತ್ತದೆ. ಮರವನ್ನು ಕೊಳೆಸುವುದು ಮೇಲಿನಿಂದ ಸೋರುವ ಮಳೆನೀರು. ಆದ್ದರಿಂದ ಮುಚ್ಚಿಗೆಯ ಸಂದು, ಹಾಯಿಗಂಬದ ಬುಡ, ಪಕ್ಕೆಲುಬಿನ ತಲೆಗಳನ್ನು ಚುಚ್ಚಿ ನೋಡುತ್ತಾರೆ. ಹಲಗೆ ಹಿಡಿದ ಕಬ್ಬಿಣದ ಮೊಳೆ ತುಕ್ಕು ತಿಂದಿದೆಯೇ ಎಂದು ಪರೀಕ್ಷಿಸುತ್ತಾರೆ. ಬಳಸದೆ ಬಿಟ್ಟ ಮರದ ನಾವೆ, ಒಲೆ ಉರಿಯದ ಹಳೆಯ ಮನೆಯಂತೆ ಬೇಗ ಜೀರ್ಣವಾಗುತ್ತದೆ. ಕೊಂಡ ಬೆಲೆಗಿಂತ ಕಾಪಾಡುವ ಖರ್ಚೇ ಹೆಚ್ಚು. ಇದು ತಿಳಿದೂ ಕೊಳ್ಳುವವರಿರುವುದರಿಂದಲೇ ಅವು ಉಳಿದಿವೆ.

'ಆರ್‌ಎಸ್ 1' ನಾವೆಯ ಪಾಡೂ ಇದೇ ಆಗಿತ್ತು. ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಉಳಿಸಿ 1933ರಲ್ಲಿ ಸೇವೆಯಿಂದ ನಿವೃತ್ತವಾದ ಅದು ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಅಮೆರಿಕವನ್ನು ಸೇರಿತು. 1970ರ ದಶಕದಲ್ಲಿ ಅದನ್ನು ಹುಡುಕಿ ಸ್ವದೇಶಕ್ಕೆ ತಂದು ದುರಸ್ತಿ ಮಾಡಲಾಯಿತು.

ಮುಂಬಯಿಯ ತೇಗದಲ್ಲಿ ಆರ್ಚರ್ ನೆರಳು

ಭಾರತಕ್ಕೂ ಆರ್ಚರ್ ಪರಂಪರೆಗೂ ಸಂಬಂಧವಿದೆ. ಅಮೆರಿಕದ ವಿಲಿಯಂ ಆಟ್ಕಿನ್ ಅವರು 1920ರ ದಶಕದಲ್ಲಿ ನಾರ್ವೆಯ ರಕ್ಷಣಾ ನಾವೆಯನ್ನು ಆಧರಿಸಿ 32 ಅಡಿಯ 'ಎರಿಕ್' ಎಂಬ ಚಿಕ್ಕ ನಾವೆಯ ನಕ್ಷೆ ತಯಾರಿಸಿದರು. ಆ ನಕ್ಷೆಯಂತೆ 1960ರ ದಶಕದಲ್ಲಿ ಮುಂಬಯಿಯಲ್ಲಿ ಭಾರತೀಯ ಬಡಗಿಗಳು ತೇಗದ ಮರದಲ್ಲಿ ಕಟ್ಟಿದ್ದು 'ಸುಹೈಲಿ'. ಅದರ ಒಡೆಯರಾದ ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಇಂಗ್ಲೆಂಡಿನಿಂದ ಏಕಾಂಗಿಯಾಗಿ ಹೊರಟು, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿ, 312 ದಿನಗಳ ಬಳಿಕ 1969ರ ಏಪ್ರಿಲ್ 22ರಂದು ಮರಳಿದರು. ಅಂಥ ಯಾನವನ್ನು ಪೂರೈಸಿದವರಲ್ಲಿ ಅವರೇ ಮೊದಲಿಗರು. ಆ ಸ್ಪರ್ಧೆಯಲ್ಲಿ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರೂ ಅವರೊಬ್ಬರೇ. ಅವರಿಗಿಂತ ವೇಗದ ನಾವೆಗಳಿದ್ದವರು ದಾರಿಯಲ್ಲೇ ಉಳಿದರು.

ಅದೇ 'ಸುಹೈಲಿ'ಯ ಪ್ರತಿರೂಪವಾಗಿ ಗೋವಾದಲ್ಲಿ ಸಿದ್ಧವಾದ 'ತುರೀಯ' ನಾವೆ 2017ರಲ್ಲಿ ನೀರಿಗಿಳಿಯಿತು. ಅದರಲ್ಲಿ 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೊರಟ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರು ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಲುಕಿದರು. ಹಾಯಿಗಂಬ ಮುರಿಯಿತು, ಅವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ಆದರೆ ನಾವೆ ಮುಳುಗಲಿಲ್ಲ. ಮೂರು ದಿನಗಳ ಬಳಿಕ ಫ್ರಾನ್ಸಿನ ನೌಕೆಯೊಂದು ತಲುಪಿದಾಗ ಅವರು ಅದರೊಳಗೆ ಜೀವಂತವಾಗಿದ್ದರು. ಮುಂದೆ ಅವರು ಬೇರೊಂದು ನಾವೆಯಲ್ಲಿ ಅದೇ ಸ್ಪರ್ಧೆಗೆ ಮರಳಿ 2023ರಲ್ಲಿ ಎರಡನೆಯ ಸ್ಥಾನ ಪಡೆದರು.

ಕಡಲನ್ನು ಗೆಲ್ಲುವ ನಾವೆಯನ್ನು ಯಾರೂ ಕಟ್ಟಲಾರರು. ಆರ್ಚರ್ ಅವರು ಅಂಥ ಭರವಸೆಯನ್ನು ಕೊಟ್ಟವರೂ ಅಲ್ಲ. ಹೋದವರು ಹಿಂದಿರುಗುವ ಸಾಧ್ಯತೆಯನ್ನು ಹಲಗೆ ಹಲಗೆಯಾಗಿ ಹೆಚ್ಚಿಸುತ್ತ ಹೋದದ್ದೇ ಅವರ ಜೀವಮಾನದ ಸಾಧನೆ. ಶತಮಾನ ಕಳೆದರೂ ಹಳೆಯ ನಾವೆಯ ಮಾರಾಟದಲ್ಲಿ ಅವರ ಹೆಸರಿಗೆ ಬೆಲೆ ಬರುತ್ತಿರುವುದು ಆ ಸಾಧನೆಯಿಂದಲೇ.